ಹಿಮಗಿರಿಯ ಕಣಜವೂ ನಮ್ಮ ಮನೆಯ ಬೀಜವೂ



ಬಳ್ಳಾರಿ ಸೀಮೆಯ ಬಿಸಿಲನ್ನು ಕುರಿತು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ನಮ್ಮಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನಿಂದ ಬಂದವರು ನಗೆಯಾಡುವುದುಂಟು. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ದಾಟುವ ಈ ನಾಡಿನ ಒಕ್ಕಲು ಮನೆತನಕ್ಕೂ ವರ್ಷವಿಡೀ ಹಿಮ ಹೊದ್ದು ಮಲಗಿರುವ ಬೆಟ್ಟಗಳಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ. ಆದರೆ ನಂಟು ಇದೆ. ನಾವು ಬಿತ್ತುವ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ನಾನಾ ತಳಿಗಳು ಇಂದು ಅಂತಹ ಹಿಮದ ಬೆಟ್ಟವೊಂದರ ಒಡಲಿನಲ್ಲಿ ನಿದ್ರಿಸುತ್ತಿವೆ. ಅವು ಅಲ್ಲಿಗೆ ಏಕೆ ಹೋದವು, ಅಲ್ಲಿ ಹೇಗೆ ಬದುಕಿವೆ, ಅವು ಅಲ್ಲಿವೆ ಎಂದ ಮಾತ್ರಕ್ಕೆ ನಾವು ನಿಶ್ಚಿಂತರಾಗಿರಬಹುದೇ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ನಮ್ಮ ನೆಲದಿಂದಲೇ ಆರಂಭಿಸುವುದು ಉಚಿತ. ಬಳ್ಳಾರಿ ನಗರದ ಅಂಚಿನಲ್ಲಿರುವ ಸಂಗನಕಲ್ಲಿನ ಗುಡ್ಡಗಳು ನವಶಿಲಾಯುಗದ ಜನರ ನೆಲೆಯಾಗಿದ್ದವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ದೊಡ್ಡಬಸವೇಶ್ವರನ ಸನ್ನಿಧಿಯಾದ ಕುರುಗೋಡು ಇವುಗಳ ಬೆಟ್ಟಗಳಲ್ಲಿಯೂ ಅದೇ ಕಾಲದ ನೆಲೆಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಹಾಗೂ ಲಂಡನ್ನಿನ ವಿದ್ವಾಂಸ ಡೋರಿಯನ್ ಫುಲ್ಲರ್ ಮೊದಲಾದವರು ಈ ಸೀಮೆಯ ಪ್ರಾಚೀನ ನೆಲೆಗಳ ಮಣ್ಣನ್ನು ನೀರಿನಲ್ಲಿ ತೊಳೆದು, ಅದರೊಳಗಿದ್ದ ಸುಟ್ಟು ಕಪ್ಪಾದ ಕಾಳುಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಭಾಗದ ಜನರು ಮುಖ್ಯವಾಗಿ ಹುರುಳಿ, ಹೆಸರು, ಕೊರಲೆ ಹಾಗೂ ನವಣೆಯ ಬಳಗಕ್ಕೆ ಸೇರಿದ ಇನ್ನೊಂದು ಕಿರುಧಾನ್ಯವನ್ನು ಉಣ್ಣುತ್ತಿದ್ದರೆಂದು ಆ ಕಾಳುಗಳೇ ಸಾಕ್ಷಿ ನುಡಿದವು. ನಮ್ಮ ಅಡುಗೆಮನೆಯ ಹುರುಳಿ ಸಾರಿಗೆ ಇಷ್ಟು ದೀರ್ಘವಾದ ವಂಶಾವಳಿಯಿದೆ ಎಂಬುದು ಅಭಿಮಾನದ ಸಂಗತಿ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಕಾಳುಗಳು ನಾಲ್ಕು ಸಾವಿರ ವರ್ಷ ಉಳಿದದ್ದು ಸುಟ್ಟು ಇದ್ದಿಲಾದ ಕಾರಣದಿಂದ. ಅವುಗಳ ಆಕಾರ ಉಳಿಯಿತು, ಜೀವ ಉಳಿಯಲಿಲ್ಲ. ಅವನ್ನು ಬಿತ್ತಿದರೆ ಮೊಳಕೆಯೊಡೆಯುವುದಿಲ್ಲ. ಆದರೆ ಅದೇ ಹುರುಳಿ ಇಂದಿಗೂ ನಮ್ಮ ಹೊಲಗಳಲ್ಲಿ ಹಸಿರಾಗಿ ನಿಲ್ಲುತ್ತದೆಯಲ್ಲ, ಅದು ಹೇಗೆ? ಸಾವಿರಾರು ವರ್ಷ ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಒಕ್ಕಲಿಗ, ಪ್ರತಿ ಸುಗ್ಗಿಯಲ್ಲಿಯೂ ಒಂದು ಮುಷ್ಟಿ ಕಾಳನ್ನು ಊಟಕ್ಕೆ ತೆಗೆಯದೆ ಬಿತ್ತನೆಗೆಂದು ಕಾದಿರಿಸಿದ ಕಾರಣದಿಂದ. ಈ ಸರಪಳಿಯ ಒಂದು ಕೊಂಡಿ ಒಂದೇ ಒಂದು ವರ್ಷ ಕಳಚಿದ್ದರೂ ಆ ತಳಿ ಅಂದಿಗೇ ಮುಗಿದುಹೋಗುತ್ತಿತ್ತು.

ಬೀಜವೆಂಬುದು ನೋಡುವವರ ಕಣ್ಣಿಗೆ ಜಡವಸ್ತು. ವಾಸ್ತವದಲ್ಲಿ ಅದು ಉಸಿರಾಡುವ ಜೀವಿ. ಹೊದಿಕೆಯೊಳಗೆ ಪುಟ್ಟ ಭ್ರೂಣ, ಅದರ ಪಕ್ಕದಲ್ಲಿ ಅದಕ್ಕೆ ಬೇಕಾದ ಬುತ್ತಿ. ಭ್ರೂಣವು ನಿದ್ರೆಯಲ್ಲಿದ್ದರೂ ಅತಿ ಮಂದವಾಗಿ ಉಸಿರಾಡುತ್ತಲೇ ಇರುತ್ತದೆ, ಬುತ್ತಿಯು ಕರಗುತ್ತಲೇ ಇರುತ್ತದೆ. ತೇವ ಹೆಚ್ಚಾದಷ್ಟೂ ಸೆಖೆ ಹೆಚ್ಚಾದಷ್ಟೂ ಆ ಉಸಿರಾಟ ಚುರುಕಾಗುತ್ತದೆ, ಆಯುಷ್ಯ ಕುಗ್ಗುತ್ತದೆ. ಆದುದರಿಂದ ಬೀಜದ ಆಯುಷ್ಯಕ್ಕೆ ಆಧಾರಗಳು ಎರಡು: ಒಣಗಿರುವುದು ಮತ್ತು ತಣ್ಣಗಿರುವುದು. ಹ್ಯಾರಿಂಗ್ಟನ್ ಎಂಬ ಅಮೆರಿಕದ ಬೀಜವಿಜ್ಞಾನಿಯು ಇದನ್ನು ಒಂದು ಸ್ಥೂಲ ಸೂತ್ರದಲ್ಲಿ ಹೇಳಿದ್ದಾನೆ. ಬೀಜದ ತೇವವು ನೂರಕ್ಕೆ ಒಂದು ಪಾಲು ಇಳಿದರೆ ಅದರ ಆಯುಷ್ಯ ಇಮ್ಮಡಿ, ಇರಿಸಿದ ಸ್ಥಳದ ಉಷ್ಣತೆಯು 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ನಮ್ಮ ಮನೆಗಳ 35 ಡಿಗ್ರಿ ಸೆಖೆಯಲ್ಲಿ ಒಂದು ವರ್ಷ ಬಾಳುವ ಬೀಜವು, ಅಷ್ಟೇ ಒಣಗಿದ ಸ್ಥಿತಿಯಲ್ಲಿ, 5 ಡಿಗ್ರಿ ತಂಪಿನಲ್ಲಿದ್ದರೆ ಆರು ಸಲ ಇಮ್ಮಡಿಯಾಗಿ ಸುಮಾರು 64 ವರ್ಷ ಬಾಳಬಹುದೆಂದು ಈ ಸೂತ್ರದಿಂದ ಲೆಕ್ಕ ಬರುತ್ತದೆ. ಎಲ್ಲ ಬೀಜಗಳಿಗೂ ಇದು ಒಂದೇ ಅಳತೆಯಲ್ಲಿ ಹೊಂದದಿದ್ದರೂ ದಿಕ್ಕನ್ನು ತಿಳಿಯಲು ಸಾಕು.

ನಮ್ಮ ಹಿರಿಯರಿಗೆ ಈ ಸೂತ್ರ ತಿಳಿದಿರಲಿಲ್ಲವಾದರೂ ಅದರ ಅರ್ಧವನ್ನು ಅವರು ಆಚರಣೆಯಲ್ಲಿ ಇರಿಸಿಕೊಂಡಿದ್ದರು. ಬಳ್ಳಾರಿಯ ಬಿಸಿಲು ತಂಪನ್ನು ಕೊಡದು, ಆದರೆ ಒಣಗಿಸಿ ಕೊಡುತ್ತದೆ. ಊಟದ ಜೋಳಕ್ಕೆ ಹಗೇವು ಇತ್ತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಅಗಲವಾಗಿ ತೋಡಿ, ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಮೇಲೆ ಕಲ್ಲುಚಪ್ಪಡಿ ಇರಿಸಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿದ್ದ ಪ್ರಾಣವಾಯು ಕಾಳಿನ ಮತ್ತು ಹುಳುಗಳ ಉಸಿರಾಟದಿಂದಲೇ ತೀರಿಹೋಗಿ ಹುಳು ಬಾಳದಂತಾಗುತ್ತಿತ್ತು. ಆ ಕಾರಣದಿಂದಲೇ ಹಗೇವು ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುವುದು ವಾಡಿಕೆ. ಆದರೆ ಬಿತ್ತನೆಯ ಕಾಳು ಬೇರೆ. ಕಣದಲ್ಲಿಯೇ ದುಂಡನೆಯ ತುಂಬು ತೆನೆಗಳನ್ನು ಆರಿಸಿ, ಕಟ್ಟು ಕಟ್ಟಿ ಮನೆಯ ತೊಲೆಗೆ ತೂಗುಹಾಕುವುದು, ಬೇಳೆಕಾಳನ್ನು ಬೂದಿಯಲ್ಲಿ ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿ ಮುಚ್ಚುವುದು, ನಡುವೆ ಬೇವಿನ ಸೊಪ್ಪು ಹಾಕುವುದು, ಇವೆಲ್ಲ ಮನೆಯ ಹಿರಿಯ ತಾಯಂದಿರ ಕೈಯ ಕೆಲಸಗಳಾಗಿದ್ದವು. ತಂಪು ಸಿಗದಿದ್ದುದರಿಂದ ಬೀಜವು ಹೆಚ್ಚು ಕಾಲ ಬಾಳದು ಎಂಬುದನ್ನು ಅರಿತೇ ಅವರು ವರ್ಷ ವರ್ಷವೂ ಬಿತ್ತಿ ಹೊಸದು ಮಾಡಿಕೊಳ್ಳುತ್ತಿದ್ದರು. ಬೀಜವನ್ನು ಕಾಯುವ ಭಾರವನ್ನು ಅವರು ಕಣಜಕ್ಕಿಂತ ಹೆಚ್ಚಾಗಿ ಹೊಲದ ಮೇಲೆಯೇ ಹೊರಿಸಿದ್ದರು.

ಈ ವ್ಯವಸ್ಥೆಗೆ ಒಂದು ದೊಡ್ಡ ಶತ್ರು, ಬರಗಾಲ. ಮಳೆ ಎರಡು ವರ್ಷ ಕೈಕೊಟ್ಟರೆ ಮನೆಯಲ್ಲಿ ಉಳಿಯುವುದು ಬಿತ್ತನೆಯ ಕಾಳು ಮಾತ್ರ. ಮಕ್ಕಳು ಹಸಿದು ಅಳುವಾಗ ಆ ಗಡಿಗೆಯ ಬಾಯಿ ತೆರೆಯದಿರುವುದು ಯಾರಿಂದ ಸಾಧ್ಯ? 1876 ರಿಂದ 1878 ರವರೆಗೆ ಮದರಾಸು ಪ್ರಾಂತದಲ್ಲಿ ಹಬ್ಬಿದ ಘೋರ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬಿತ್ತನೆಯ ಕಾಳನ್ನು ಉಂಡ ಮನೆಗೆ ಮರುವರ್ಷ ಮಳೆ ಬಂದರೂ ಬರಗಾಲವೇ. ಹಸಿವು ಮುಟ್ಟಲಾಗದ ದೂರದಲ್ಲಿ ಎಲ್ಲಿಯಾದರೂ ಒಂದಿಷ್ಟು ಬೀಜವಿರಬೇಕೆಂಬ ವಿಚಾರವು ಮನುಷ್ಯನಿಗೆ ಹೊಳೆದದ್ದು ಇಂತಹ ಸಂಕಟಗಳಿಂದಲೇ.

ಆ ವಿಚಾರಕ್ಕೆ ಪ್ರಾಣ ತೆತ್ತವರನ್ನು ಇಲ್ಲಿ ಸ್ಮರಿಸುವುದು ಕರ್ತವ್ಯ. ರಷ್ಯದ ವಿಜ್ಞಾನಿ ನಿಕೊಲಾಯ್ ವಾವಿಲೋವ್ ದೇಶದೇಶಗಳನ್ನು ಸುತ್ತಿ ಬೆಳೆಗಳ ಬೀಜಗಳನ್ನು ಸಂಗ್ರಹಿಸಿ ಲೆನಿನ್‌ಗ್ರಾಡ್ ನಗರದಲ್ಲಿ ಇರಿಸಿದ್ದನು. ಎರಡನೆಯ ಮಹಾಯುದ್ಧದಲ್ಲಿ, 1941 ರಿಂದ 1944 ರವರೆಗೆ, ಶತ್ರುಸೇನೆಯು ಆ ನಗರಕ್ಕೆ ಮುತ್ತಿಗೆ ಹಾಕಿದಾಗ ಜನರು ಲಕ್ಷಗಟ್ಟಲೆ ಹಸಿವಿನಿಂದ ಸತ್ತರು. ಬೀಜಭಂಡಾರದ ಕಾವಲಿಗಿದ್ದ ವಿಜ್ಞಾನಿಗಳೂ ಸತ್ತರು. ಭತ್ತದ ಸಂಗ್ರಹದ ಹೊಣೆ ಹೊತ್ತಿದ್ದ ದ್ಮಿತ್ರಿ ಇವಾನೋವ್ ಸಾವಿರಾರು ಭತ್ತದ ಪೊಟ್ಟಣಗಳ ನಡುವೆ ಹಸಿದು ಪ್ರಾಣಬಿಟ್ಟರು. ಶೇಂಗಾ ಬೀಜಗಳ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ತಮ್ಮ ಬರೆಯುವ ಮೇಜಿನ ಮುಂದೆಯೇ ಕೊನೆಯುಸಿರೆಳೆದರು. ಒಂದು ಹಿಡಿ ಕಾಳನ್ನೂ ಅವರು ಬಾಯಿಗೆ ಹಾಕಿಕೊಳ್ಳಲಿಲ್ಲ. ಸ್ವತಃ ವಾವಿಲೋವ್ ತನ್ನ ದೇಶದ ಸರ್ಕಾರದ ಆಗ್ರಹಕ್ಕೆ ಗುರಿಯಾಗಿ 1943 ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡನು. ಭತ್ತ ಮತ್ತು ಶೇಂಗಾ ನಮ್ಮ ಜಿಲ್ಲೆಯ ಬೆಳೆಗಳೂ ಹೌದು. ಕಾಯಕನಿಷ್ಠೆ ಎಂಬ ಮಾತಿಗೆ ಇದಕ್ಕಿಂತ ಹಿರಿದಾದ ನಿದರ್ಶನ ಯಾವುದಿದ್ದೀತು?

ಇಂದು ನಮ್ಮ ದೇಶದಲ್ಲಿ ಈ ಕೆಲಸವನ್ನು 1976 ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ನಿರ್ವಹಿಸುತ್ತಿದೆ. ನವದೆಹಲಿಯಲ್ಲಿರುವ ಅದರ ಭಂಡಾರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬೀಜಮಾದರಿಗಳಿವೆ. ಬೀಜದ ತೇವವನ್ನು ನೂರಕ್ಕೆ 3 ರಿಂದ 7 ರಷ್ಟಕ್ಕೆ ಇಳಿಸಿ, ಗಾಳಿಯಾಡದ ಅಲ್ಯೂಮಿನಿಯಂ ಲಕೋಟೆಯಲ್ಲಿ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಇರಿಸುತ್ತಾರೆ. ನಮಗೆ ಇನ್ನೂ ಹತ್ತಿರವಾದದ್ದು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972 ರಿಂದ ಇರುವ ಇಕ್ರಿಸ್ಯಾಟ್ ಸಂಸ್ಥೆ. ಮಳೆ ಕಡಿಮೆಯಿರುವ ನಾಡುಗಳ ಬೆಳೆಗಳಾದ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಹಾಗೂ ಕಿರುಧಾನ್ಯಗಳ ಒಂದು ಲಕ್ಷಕ್ಕೂ ಮಿಕ್ಕಿದ ಮಾದರಿಗಳು ಅಲ್ಲಿವೆ.

ಆದರೆ ಇವೆಲ್ಲ ಯಂತ್ರದ ಶೀತ. ವಿದ್ಯುತ್ತು ನಿಂತರೆ, ಯಂತ್ರ ಕೆಟ್ಟರೆ, ಯುದ್ಧವೋ ಬೆಂಕಿಯೋ ಬಂದರೆ ಗತಿಯೇನು? ಈ ಅಂಜಿಕೆಯೇ ವಿಜ್ಞಾನಿಗಳನ್ನು ಪ್ರಕೃತಿಸಹಜವಾದ ಶೀತವಿರುವ ಬೆಟ್ಟಗಳತ್ತ ಕರೆದೊಯ್ದಿತು. ಲಡಾಖಿನಲ್ಲಿ, ಲೇಹ್ ಪಟ್ಟಣದಿಂದ ಪಾಂಗಾಂಗ್ ಸರೋವರಕ್ಕೆ ಹೋಗುವ ದಾರಿಯಲ್ಲಿ ಚಾಂಗ್ ಲಾ ಎಂಬ ಕಣಿವೆಮಾರ್ಗವಿದೆ. ಸಮುದ್ರಮಟ್ಟದಿಂದ ಅದರ ಎತ್ತರ 17,000 ಅಡಿಗೂ ಮೇಲೆ. ನಮ್ಮ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದ ಲೇಹ್‌ನ ಪ್ರಯೋಗಾಲಯವು ಮೇಲೆ ಹೇಳಿದ ದೆಹಲಿಯ ಬ್ಯೂರೋದೊಡನೆ ಸೇರಿ 2010 ರಲ್ಲಿ ಅಲ್ಲಿ ಒಂದು ಬೀಜಭಂಡಾರವನ್ನು ಸ್ಥಾಪಿಸಿತು. ಸ್ಥಳದ ಆಯ್ಕೆಯ ಹಿಂದಿನ ತರ್ಕ ಸರಳವಾದುದು. ಲಡಾಖ್ ಶೀತಲ ಮರುಭೂಮಿ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆಹಿಮಗಳು ಒಟ್ಟು ನಾಲ್ಕು ಅಂಗುಲದ ಆಸುಪಾಸು, ಮಳೆಗಾಗಿ ಹಂಬಲಿಸುವ ನಮ್ಮ ಬಳ್ಳಾರಿಯ ಮಳೆಯ ಐದನೆಯ ಒಂದು ಪಾಲು. ಬೀಜಕ್ಕೆ ಬೇಕಾದ ಶುಷ್ಕತೆ ಮತ್ತು ಶೀತ ಎರಡನ್ನೂ ಆ ಬೆಟ್ಟ ಪುಕ್ಕಟೆಯಾಗಿ ಕೊಡುತ್ತದೆ.

ಇದಕ್ಕಿಂತ ಬೃಹತ್ತಾದುದು ಉತ್ತರಧ್ರುವದ ಸಮೀಪ, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿದೆ. 2008 ರ ಫೆಬ್ರವರಿ 26 ರಂದು ಪ್ರಾರಂಭವಾದ ಆ ಭಂಡಾರವನ್ನು ಬೆಟ್ಟದೊಳಕ್ಕೆ ನೂರು ಮೀಟರಿಗೂ ಹೆಚ್ಚು ಸುರಂಗ ಕೊರೆದು ನಿರ್ಮಿಸಿದ್ದಾರೆ. ಯಂತ್ರಗಳಿಂದ ಅದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಿಸುತ್ತಾರೆ. ಯಂತ್ರ ನಿಂತರೂ ಹೆಪ್ಪುಗಟ್ಟಿದ ನೆಲದ ಸಹಜ ಶೀತವು ಬೀಜಗಳನ್ನು ಬಹುಕಾಲ ಕಾಯುತ್ತದೆ. ಜಗತ್ತಿನ ನಾನಾ ದೇಶಗಳು ಕಳುಹಿಸಿದ ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಮಾದರಿಗಳು ಅಲ್ಲಿವೆ. ಇಟ್ಟವರದೇ ಒಡೆತನ, ಅವರ ಹೊರತು ಬೇರೆಯವರು ಆ ಪೆಟ್ಟಿಗೆ ತೆರೆಯುವಂತಿಲ್ಲ. ಪಟಾನ್‌ಚೆರುವಿನ ಸಂಸ್ಥೆಯು ತನ್ನ ಸಂಗ್ರಹದ ಬಹುಪಾಲಿನ ಪ್ರತಿಯನ್ನು ಅಲ್ಲಿ ಇರಿಸಿದೆ. ಈ ಲೇಖನದ ಆರಂಭದಲ್ಲಿ ಹೇಳಿದ ನಂಟು ಇದೇ.

ಇದರ ಉಪಯೋಗವು ಬಹುಬೇಗ ಪ್ರತ್ಯಕ್ಷವಾಯಿತು. ಸಿರಿಯಾ ದೇಶದ ಅಲೆಪ್ಪೊ ನಗರದ ಬಳಿ ಗೋಧಿ, ಜವೆಗೋಧಿ ಮೊದಲಾದ ಬೆಳೆಗಳ ಅಮೂಲ್ಯ ಭಂಡಾರವೊಂದಿತ್ತು. ಅಂತರ್ಯುದ್ಧದಿಂದ ಅದನ್ನು ನಡೆಸಲಾಗದಂತಾದಾಗ, 2015 ರಲ್ಲಿ ಆ ಸಂಸ್ಥೆಯವರು ಸ್ವಾಲ್ಬಾರ್ಡಿನಲ್ಲಿ ಇರಿಸಿದ್ದ ತಮ್ಮ ಬೀಜಗಳನ್ನು ಮರಳಿ ಪಡೆದು ಲೆಬನಾನ್ ಮತ್ತು ಮೊರಾಕ್ಕೊ ದೇಶಗಳಲ್ಲಿ ಬಿತ್ತಿ ಬೆಳೆದರು. 2017 ರಲ್ಲಿ ಹೊಸ ಬೀಜವನ್ನು ಮತ್ತೆ ಅದೇ ಬೆಟ್ಟಕ್ಕೆ ಒಪ್ಪಿಸಿದರು.

ಹಾಗಾದರೆ ಬೆಟ್ಟವು ಕಾಯುತ್ತದೆ, ನಾವು ನಿಶ್ಚಿಂತರು ಎನ್ನಬಹುದೇ? ಹಾಗೆ ಎನ್ನಲಾಗದು. ಹಿಮವೂ ಶಾಶ್ವತವಲ್ಲ. 2016 ರಲ್ಲಿ ಸ್ವಾಲ್ಬಾರ್ಡಿನಲ್ಲಿ ಎಂದೂ ಇಲ್ಲದಷ್ಟು ಬೆಚ್ಚಗಾಗಿ ಮಳೆ ಸುರಿದು ಸುರಂಗದ ಬಾಗಿಲಿನೊಳಕ್ಕೆ ನೀರು ನುಗ್ಗಿತು. ಬೀಜಗಳಿಗೆ ಹಾನಿಯಾಗಲಿಲ್ಲವಾದರೂ ಸುರಂಗವನ್ನು ಮತ್ತೆ ಭದ್ರಪಡಿಸಬೇಕಾಯಿತು. ಇನ್ನು ಮಾವು, ಹಲಸು, ತೆಂಗುಗಳ ಬೀಜ ಒಣಗಿದರೆ ಸಾಯುತ್ತದೆ. ಅವನ್ನು ಯಾವ ಹಿಮದ ಕಣಜವೂ ಕಾಯಲಾರದು, ಮರವಾಗಿಯೇ ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಬೆಟ್ಟವು ತನಗೆ ಕೊಟ್ಟುದನ್ನು ಮಾತ್ರ ಹಿಂದಿರುಗಿಸಬಲ್ಲದು. ಯಾರೂ ಒಪ್ಪಿಸದ ಬೀಜ ಅಲ್ಲಿ ಇರುವುದಾದರೂ ಹೇಗೆ?

ಈ ಪ್ರಶ್ನೆಯನ್ನು ಸಿರುಗುಪ್ಪ ಮತ್ತು ಕುರುಗೋಡುಗಳ ಎರೆ ಹೊಲಗಳ ನಡುವೆ ನಿಂತು ಕೇಳಿಕೊಳ್ಳಬೇಕು. 1953 ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿದ ಮೇಲೆ ಜೋಳ, ನವಣೆ, ಹತ್ತಿಗಳ ಈ ಸೀಮೆಯು ಭತ್ತದ ಕಣಜವಾಯಿತು. ಅದರಿಂದ ಹಸಿವು ನೀಗಿತು, ಮನೆಗಳು ಎದ್ದವು, ಮಕ್ಕಳು ಓದಿದರು. ಆ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಗದ್ದೆಯಾದ ಹೊಲದಲ್ಲಿ ನವಣೆ, ಸಾಮೆ, ಕೊರಲೆಗಳಿಗೆ ಎಡೆ ಉಳಿಯಲಿಲ್ಲ. ಭತ್ತದಲ್ಲಿಯೂ ಬಾಪಟ್ಲದಿಂದ 1986 ರಲ್ಲಿ ಬಂದ ಬಿಪಿಟಿ 5204 ಎಂಬ ಸಾಂಬಾ ಮಸೂರಿಯಂತಹ ಬೆರಳೆಣಿಕೆಯ ತಳಿಗಳೇ ಮೈಲಿಗಟ್ಟಲೆ ಹಬ್ಬಿದವು. 2002 ರ ನಂತರ ಬಿ.ಟಿ. ಹತ್ತಿ ಬಂದು, ಹತ್ತಿಯ ಬೀಜವನ್ನು ಪ್ರತಿ ವರ್ಷ ಅಂಗಡಿಯಲ್ಲಿಯೇ ಕೊಳ್ಳುವಂತಾಯಿತು. ಬಿತ್ತನೆಯ ಗಡಿಗೆಗೆ ಮನೆಯಲ್ಲಿ ಕೆಲಸವಿಲ್ಲದಂತಾಯಿತು.

ಒಂದೇ ತಳಿ ಹಬ್ಬಿದರೆ ಆಗುವ ಅಪಾಯವನ್ನು ಭತ್ತ ಬೆಳೆಯುವವರು ಕೇಳಬೇಕು. 1970 ರ ದಶಕದಲ್ಲಿ ಆಗ್ನೇಯ ಏಷ್ಯದ ಗದ್ದೆಗಳಿಗೆ ಕಂದು ಜಿಗಿಹುಳು ಹರಡುವ ವೈರಸ್ ರೋಗವೊಂದು ತಗುಲಿತು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ ಅದನ್ನು ತಡೆಯುವ ಶಕ್ತಿ ಸಿಕ್ಕಿದ್ದು ಒಂದೇ ಒಂದರಲ್ಲಿ. ಅದು ನಮ್ಮ ದೇಶದ ಉತ್ತರ ಪ್ರದೇಶದಿಂದ ಯಾರೋ ತಂದಿರಿಸಿದ್ದ ಕಾಡುಭತ್ತ. ಅದರ ಗುಣವನ್ನು ಸೇರಿಸಿ ರೂಪಿಸಿದ ಐಆರ್ 36 ಎಂಬ ತಳಿ 1976 ರಲ್ಲಿ ರೈತರಿಗೆ ದೊರೆಯಿತು. ಕಳೆಯೆಂದು ಕಿತ್ತೆಸೆಯುವಂತಹ ಆ ಹುಲ್ಲನ್ನು ಒಬ್ಬರು ಎತ್ತಿಡದೆ ಹೋಗಿದ್ದರೆ ಕೋಟ್ಯಂತರ ಜನರ ಅನ್ನಕ್ಕೆ ಸಂಚಕಾರ ಬರುತ್ತಿತ್ತು.

ನೀರಿನ ಭರವಸೆಯೂ ಅಷ್ಟೇ. 2024 ರ ಆಗಸ್ಟ್ 10 ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಈ ಭಾಗದ ಮನೆಗಳಲ್ಲಿ ಯಾರಿಗೆ ನಿದ್ರೆ ಬಂದೀತು? ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಅಳವಡಿಸಿ ಉಳಿದ ನೀರನ್ನು ಕಾಪಾಡಲಾಯಿತು. ಆದರೆ ಒಂದು ವರ್ಷ ಕಾಲುವೆಗೆ ನೀರು ಬಾರದೆ ಹೋದರೆ, ಮಳೆಯನ್ನೇ ನಂಬಿ ಬಿತ್ತಲು ನಮ್ಮ ಮನೆಯಲ್ಲಿ ಒಂದು ಸೇರು ನವಣೆಯ ಬೀಜ, ಒಂದು ಕಟ್ಟು ಜೋಳದ ತೆನೆ ಇದೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಸಂಗ ಅದು.

ಮಾಡಬೇಕಾದುದು ದೊಡ್ಡದೇನಲ್ಲ. ಮನೆಯಲ್ಲಿ ಅಥವಾ ಬಂಧುಗಳ ಮನೆಯಲ್ಲಿ ಹಳೆಯ ತಳಿಯ ಜೋಳ, ನವಣೆ, ಹುರುಳಿ, ಅವರೆ, ಮೆಣಸಿನಕಾಯಿ, ಬದನೆ ಯಾವುದಿದ್ದರೂ ಚೆನ್ನಾಗಿ ಬಲಿತ, ರೋಗವಿಲ್ಲದ ಗಿಡಗಳಿಂದ ಬೀಜ ತೆಗೆಯಿರಿ. ಎಳೆಬಿಸಿಲಿನಲ್ಲಿ ಒಣಗಿಸಿ, ನಡುಹಗಲಿನ ಉರಿಬಿಸಿಲಿನಲ್ಲಿ ಬಿಡಬೇಡಿರಿ. ಕಾಳನ್ನು ಹಲ್ಲಿನಿಂದ ಕಡಿದರೆ ಕಟಕ್ಕೆಂದು ಒಡೆಯಬೇಕು, ಚಪ್ಪಟೆಯಾಗಬಾರದು. ಬಿಗಿ ಮುಚ್ಚಳದ ಗಾಜಿನ ಶೀಶೆಗೆ ತುಂಬಿ, ತಳಿಯ ಹೆಸರು, ಕೊಯ್ದ ತಿಂಗಳು, ವರ್ಷಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ನಮ್ಮ ಹಿರಿಯರಿಗೆ ದೊರೆಯದಿದ್ದ ತಂಪು ಇಂದು ಅನೇಕರ ಮನೆಯ ಫ್ರಿಜ್ಜಿನಲ್ಲಿದೆ. ಹಾಲು ಮೊಸರಿನ ಪಕ್ಕದಲ್ಲಿ ಆ ಶೀಶೆಗೂ ಒಂದು ಮೂಲೆ ಕೊಡಿರಿ. ಹೊರಗೆ ತೆಗೆದಾಗ ಶೀಶೆಯ ತಂಪು ಇಳಿಯುವವರೆಗೆ ಮುಚ್ಚಳ ತೆರೆಯಬಾರದು, ತೆರೆದರೆ ಹೊರಗಿನ ಗಾಳಿಯ ತೇವ ಬೀಜದ ಮೇಲೆ ಕೂರುತ್ತದೆ. ಈರುಳ್ಳಿಯ ಬೀಜಕ್ಕೆ ಆಯುಷ್ಯ ಬಹಳ ಕಡಿಮೆ. ಶೇಂಗಾ ಎಣ್ಣೆಕಾಳಾದುದರಿಂದ ಬೇಗ ಕೆಡುತ್ತದೆ, ಸಿಪ್ಪೆ ಸುಲಿಯದೆ ಇಡುವುದು ಒಳ್ಳೆಯದು. ವರ್ಷಕ್ಕೊಮ್ಮೆ ನೂರು ಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳಕೆ ಬಂದವೆಂದು ಎಣಿಸಿರಿ. ಈ ಎಣಿಕೆಯನ್ನು ಮಕ್ಕಳಿಗೆ ವಹಿಸಿದರೆ ಅವರಿಗೂ ವಿದ್ಯೆ ಬರುತ್ತದೆ. ಎಣಿಕೆ ಕುಸಿಯತೊಡಗಿದರೆ ಹೊಲದ ಒಂದು ಸಾಲಿನಲ್ಲಿಯೋ ಹಿತ್ತಲಿನಲ್ಲಿಯೋ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು.

ಎರಡನೆಯದಾಗಿ, ಅಪರೂಪದ ತಳಿಯಿದ್ದರೆ ಸಿರುಗುಪ್ಪದಲ್ಲಿ ಅಥವಾ ಹಗರಿಯಲ್ಲಿ ಇರುವ ಕೃಷಿ ಸಂಶೋಧನಾ ಕೇಂದ್ರಗಳ ವಿಜ್ಞಾನಿಗಳಿಗೆ ತೋರಿಸಿ, ರಾಷ್ಟ್ರೀಯ ಭಂಡಾರಕ್ಕೆ ಸೇರಿಸುವ ದಾರಿಯನ್ನು ಕೇಳಿರಿ. ಬೀಜ ಕೊಟ್ಟರೆ ನಮ್ಮ ಹಕ್ಕು ಹೋದೀತೆಂಬ ಅಂಜಿಕೆ ಕೆಲವರಿಗುಂಟು. 2001 ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ರೈತನು ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಲು, ಹಂಚಲು, ಬ್ರ್ಯಾಂಡಿನ ಹೆಸರಿಲ್ಲದೆ ಮಾರಲು ಹಕ್ಕು ಕೊಟ್ಟಿದೆ. ತಳಿಗಳನ್ನು ಉಳಿಸಿದ ರೈತರನ್ನು ಗೌರವಿಸುವ ಏರ್ಪಾಡೂ ಆ ಕಾಯ್ದೆಯಡಿ ಇದೆ.

ಮೂರನೆಯದಾಗಿ, ಬೀಜವನ್ನು ಹಂಚಿರಿ. ಒಂದೇ ಮನೆಯಲ್ಲಿರುವ ಬೀಜಕ್ಕೆ ಒಂದು ಇಲಿ ಸಾಕು, ಒಂದು ಸೋರುವ ಮಾಳಿಗೆ ಸಾಕು. ಹತ್ತು ಮನೆಗಳಲ್ಲಿರುವ ಬೀಜಕ್ಕೆ ಸಾವಿಲ್ಲ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಉಡಿಯಲ್ಲಿ ಕಾಳು ತುಂಬುವ ನಮ್ಮ ರೂಢಿಯಲ್ಲಿ, ಆ ಕಾಳು ಬಿತ್ತನೆಗೆ ಯೋಗ್ಯವಾದ ತವರಿನ ಬೀಜವೇ ಆಗಿದ್ದರೆ ಎಷ್ಟು ಅರ್ಥವತ್ತಾದೀತು!

ಚಾಂಗ್ ಲಾದ ಹಿಮ ಬೀಜವನ್ನು ನಿದ್ರೆಯಲ್ಲಿ ಕಾಯುತ್ತದೆ. ಹೊಲವು ಅದನ್ನು ಎಚ್ಚರದಲ್ಲಿ ಕಾಯುತ್ತದೆ, ಮಳೆಗೆ, ಬಿಸಿಲಿಗೆ, ಹೊಸ ಹುಳುವಿಗೆ ಅದನ್ನು ಒಗ್ಗಿಸುತ್ತದೆ. ಎರಡೂ ಬೇಕು. ಸಂಗನಕಲ್ಲಿನ ಕಾಲದಿಂದ ನಮ್ಮವರೆಗೆ ನಡೆದುಬಂದಿರುವ ಬೀಜವು ನಮ್ಮ ಕಾಲದಲ್ಲಿ ನಿಂತುಹೋಗಬಾರದು. ಬರುವ ಮುಂಗಾರಿಗೆ ಕೂರಿಗೆಗೆ ಪೂಜೆ ಸಲ್ಲಿಸುವ ದಿನ, ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರು ಬಿತ್ತುತ್ತಿದ್ದ ತಳಿಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಅವುಗಳಲ್ಲಿ ಯಾವುದಾದರೊಂದರ ಬೀಜ ಊರಿನಲ್ಲಿ ಯಾರ ಮನೆಯಲ್ಲಿದೆ ಎಂದು ವಿಚಾರಿಸಿರಿ. ಸಿಕ್ಕಿದರೆ ಒಂದು ಸಾಲು ಬಿತ್ತಿರಿ.